ಮರಿ ಕುಣಿಯುತ್ತಿರಲಿಲ್ಲ

ಆಗಸ್ಟ್ ತಿಂಗಳ ಆ ಅಪರಾಹ್ನ ದೂರದ ದಕ್ಷಿಣ ಸಾಗರದ ವವಾಊ ದ್ವೀಪಗಳ ನಡುವಣ ಕಡಲು ಕರಗಿಸಿ ಸುರಿದ ಇಂದ್ರನೀಲದಂತೆ ನಿಸ್ತರಂಗವಾಗಿ ಮಲಗಿತ್ತು. ಸುಣ್ಣಕಲ್ಲಿನ ಬಂಡೆಗಳಿಂದ ಜೋಲುಬಿದ್ದ ಹಸಿರು ತನ್ನ ಪ್ರತಿಬಿಂಬವನ್ನು ತಾನೇ ಚುಂಬಿಸುತ್ತಿತ್ತು. ದೂರದ ಮಳೆಯೊಂದು ದಿಗಂತಕ್ಕೆ ಬೂದುಬಣ್ಣದ ತೆರೆಯೆಳೆದು, ಬರಲೋ ಬೇಡವೋ ಎಂದು ಅನುಮಾನಿಸುತ್ತ ನಿಂತಿತ್ತು... ಇಂಥ ಲಾವಣ್ಯದ ನಡುವೆಯೇ ಒಬ್ಬಳ ಅಂತರಂಗಕ್ಕೆ ವಾಕರಿಕೆ ಬಂದಿತೆಂದರೆ, ಸಹೃದಯರೇ, ನಂಬುವಿರಾ?

ಅವಳು ತೆಲೇಸಿಯಾ. ತಿಮಿಂಗಿಲಗಳೊಡನೆ ಈಜಲು ಬರುವ ಪ್ರವಾಸಿಗರನ್ನು ನೀರಿಗಿಳಿಸಿ, ಕ್ಷೇಮವಾಗಿ ಹತ್ತಿಸಿಕೊಳ್ಳುವುದು ಅವಳ ಕೆಲಸ. ದೋಣಿಯ ಚುಕ್ಕಾಣಿ ಹಿಡಿದವನು ಫೆಲೇತಿ, ಬರುವ ತಿಂಗಳು ಅವಳ ಕೈಹಿಡಿಯಲಿದ್ದವನು. ಅಲ್ಲಿಯ ರೂಢಿಯಂತೆ ಮದುಮಗನ ನಡುವಿಗೆ ಉಡುಪಾಗಿ ಸುತ್ತಬೇಕಾದ ಮದುವೆಯ ಚಾಪೆಯನ್ನು ಅವಳ ತಾಯಿ ಮನೆಯಲ್ಲಿ ಹೆಣೆಯುತ್ತಿದ್ದಳು. ಅದರ ಕೇದಗೆಯ ಗರಿಗಳನ್ನು ಕಡಲಿನಲ್ಲಿ ನೆನೆಹಾಕಿ, ಬೆಳುದಿಂಗಳಿನಷ್ಟು ಬಿಳುಪಾಗಿಸಿದ್ದವಳು ತೆಲೇಸಿಯಾಳೇ!

ಈಜು ಮುಗಿದಿತ್ತು. ತಾಯಿ ತಿಮಿಂಗಿಲ ಬಳಲಿ, ಮರಿಯನ್ನು ಪಕ್ಕಕ್ಕೆಳೆದುಕೊಂಡು ದೂರ ಸರಿದಿತ್ತು. ಆದರೆ ಕ್ಯಾಮೆರಾ ಹಿಡಿದ ಸ್ಥೂಲಕಾಯದ ಪ್ರವಾಸಿಯೊಬ್ಬನಿಗೆ ತೃಪ್ತಿಯಿಲ್ಲ. ಕೋಳಿಯ ಮೂಳೆಯನ್ನು ಚೀಪಿ ನೀರಿಗೆಸೆದು, ಜಿಡ್ಡು ಬೆರಳನ್ನು ದೋಣಿಯ ಅಂಚಿಗೆ ಒರೆಸುತ್ತ ಅವನೆಂದ: "ಹತ್ತಿರದಿಂದ ಒಂದು ಫೋಟೋನೂ ಸಿಗಲಿಲ್ಲವಲ್ಲ!"

ಫೆಲೇತಿ ಎಂಜಿನ್ ಚಾಲೂ ಮಾಡಿದ.

"ಬೇಡ ಕಣೋ, ಅದಕ್ಕೆ ಸುಸ್ತಾಗಿದೆ. ಬೆನ್ನು ತಿರುಗಿಸಿ ಹೋಗ್ತಿದೆ ನೋಡು."

"ನೀನೇನು ಅದರ ಸೂಲಗಿತ್ತೀನಾ? ಸುಮ್ನಿರೇ ಮಾರಾಯ್ತಿ!"

ದೋಣಿ ತಾಯಿಗೂ ಮರಿಗೂ ನಡುವೆ ಕತ್ತಿಯಂತೆ ನುಗ್ಗಿತು. ಅತ್ತ ತಾಯಿಯ ನಿಟ್ಟುಸಿರು ಕಾರಂಜಿಯಾಗಿ ಚಿಮ್ಮಿತು. ಇತ್ತ ಮರಿ ದಿಕ್ಕುಗೆಟ್ಟು, ದೋಣಿಯ ಹೊಟ್ಟೆಯನ್ನೇ ತಾಯಿಯೆಂದು ಬಗೆದು ಮೂತಿಯುಜ್ಜುತ್ತ ಸುತ್ತತೊಡಗಿತು... ದೋಣಿಯೇ ಎಬ್ಬಿಸಿದ ಅಲೆಯ ಓಲಾಟಕ್ಕೆ ಆ ಪ್ರವಾಸಿ ಅದರ ಬೆನ್ನ ಮೇಲೆಯೇ ವಾಂತಿ ಮಾಡಿದ; ಬಾಯೊರೆಸಿಕೊಂಡು ಮತ್ತೆ ಕ್ಯಾಮೆರಾ ಎತ್ತಿದ!

"ನೋಡಿ ಸಾರ್, ನಿಮಗೋಸ್ಕರ ಹೇಗೆ ಕುಣೀತಿದೆ ಮರಿ!" ಎಂದು ಫೆಲೇತಿ ನಕ್ಕ.

ಆ ನಗು! ಇಗರ್ಜಿಯ ಅಂಗಳದಲ್ಲಿ ಅವಳ ಪ್ರಾಣವನ್ನೇ ಸೂರೆಗೊಂಡಿದ್ದ ಆ ಬಿಳಿನಗು ಈಗ ಕೊಳೆತ ಮೀನಿನ ಹೊಟ್ಟೆಯಂತೆ ಕಂಡಿತು. ಆ ತುಟಿಗಳನ್ನೇ ಅಲ್ಲವೇ ತಾನು ಬಯಸಿದ್ದು? ಹೇಸಿಗೆ ಅವನಲ್ಲಿಗೇ ನಿಲ್ಲದೆ ಅವಳ ಮೈಗೂ ಅಂಟಿತು...

ಒಂದೇ ನೆಗೆತಕ್ಕೆ ಅವಳು ಎಂಜಿನ್ನಿನ ಕೀಲಿ ಕಿತ್ತು, ನೀರಿನ ಮೇಲೆ ಕೈಚಾಚಿ ನಿಂತಳು.

"ಮರಿ ಅಮ್ಮನ ಹತ್ತಿರ ಹೋಗೋ ತನಕ ಈ ದೋಣಿ ಅಲ್ಲಾಡಲ್ಲ. ಹತ್ತಿರ ಬಂದ್ರೆ ಕೀಲಿ ಸಮುದ್ರಕ್ಕೆ!"

"ತಲೆ ಕೆಟ್ಟಿದೆಯೇನೇ? ಇವ್ರ ಮುಂದೆ ಮಾನ ಕಳೀತೀಯಲ್ಲ!"

ಅವಳು ಚಾಚಿದ ಕೈಯನ್ನು ಹಿಂತೆಗೆಯಲಿಲ್ಲ. ನಿಶ್ಶಬ್ದವಾದ ನೀರಿನ ಆಳದಿಂದ ತಾಯಿಯ ಮಂದ್ರಸ್ವರ ಮೇಲೆದ್ದು ದೋಣಿಯ ಹಲಗೆಗಳನ್ನು ನಡುಗಿಸಿತು. ಮರಿ ತಿರುಗಿತು, ತಡವರಿಸಿತು, ಕೊನೆಗೊಮ್ಮೆ ಆ ಕಪ್ಪು ವಿಸ್ತಾರದ ಮಗ್ಗುಲಲ್ಲಿ ಲೀನವಾಯಿತು.

ದಡ ಸೇರಿದ ಮೇಲೆ ಫೆಲೇತಿ ಅವಳ ತೋಳು ಹಿಡಿದ. "ಇಷ್ಟಕ್ಕೆಲ್ಲಾ ಮುಖ ಸಿಂಡರಿಸ್ತಾರಾ? ಒಂದು ಮೀನಿಗೋಸ್ಕರ?"

"ಕೈ ತೆಗಿ ಫೆಲೇತಿ. ನೀನು ಮುಟ್ಟಿದ್ರೆ ನಂಗೆ ವಾಕರಿಕೆ ಬರುತ್ತೆ. ಮದುವೆ ಬೇಡ."

ಅವಳು ಮನೆಗೆ ಹೋಗಿ, "ಹೆಣೆಯೋದು ನಿಲ್ಸಮ್ಮಾ" ಎಂದಳು. ತಾಯಿ ಮಗಳ ಮುಖ ನೋಡಿ ಗರಿಗಳನ್ನು ಸುರುಳಿ ಸುತ್ತಿಟ್ಟಳು. ಆಗಲೇ ತೆಲೇಸಿಯಾ ಅತ್ತದ್ದು.

ಓದುಗರೇ, ಪರರ ಕೊಳಕನ್ನು ಕಂಡರೆ ನಾವು ಮೂಗು ಮುಚ್ಚಿಕೊಂಡು ದಾಟಿಹೋಗುತ್ತೇವೆ, ದಾಟಿದೊಡನೆ ಮರೆಯುತ್ತೇವೆ. ಆದರೆ ಹೃದಯವನ್ನು ಒಪ್ಪಿಸಿದೆಡೆಯಲ್ಲಿ ಹುಟ್ಟಿದ ಹೇಸಿಗೆಗೆ ದಾಟಿಹೋಗಲು ದಾರಿಯಿಲ್ಲ. ಒಲವು ಎಷ್ಟು ಆಳಕ್ಕಿಳಿದಿತ್ತೋ ಅಷ್ಟೇ ಆಳದಿಂದ ಅದನ್ನು ಬೇರುಸಹಿತ ಕೀಳಬೇಕು; ಕಿತ್ತ ಕೈಯೇ ಆ ಗಾಯವನ್ನು ಬಹುಕಾಲ ನೇವರಿಸುತ್ತಿರಬೇಕು...