ಹನ್ನೆರಡನೆಯವನು

"ದಾರ ಮತ್ತೆ ಹಿಂದಕ್ಕೆ ವಾಲ್ತಿದೆ ಕಣಪ್ಪ. ಮೋಟಾರ್ ತಗ್ಗಿಸು" ಎಂದ ಮುದುಕ. "ಗೈಡು ನೀನೋ ನಾನೋ? ಮುಹೂರ್ತ ಮೀರಿದ ಮದುವಣಿಗನ ಥರ ಓಡಿಸ್ತೀಯಲ್ಲ!"

ವೆಂಡಲ್ ಮೋಟಾರಿನ ಪೆಡಲಿನ ಮೇಲಿಂದ ಕಾಲು ತೆಗೆದ. ಬೆಳಗಿನಿಂದ ಇದು ನಾಲ್ಕನೆಯ ಸಲ. ದೋಣಿಯ ಮೂತಿಯಲ್ಲಿ ಎಂಟು ಗಾಳಗೋಲುಗಳು ಜೇಡನ ಕಾಲುಗಳಂತೆ ಚಾಚಿಕೊಂಡಿದ್ದವು. ಫೆಬ್ರವರಿಯ ತಣ್ಣೀರಿನಲ್ಲಿ ಕ್ರಾಪಿ ಮೀನು ಆಹಾರದ ಹಿಂದೆ ಓಡುವುದಿಲ್ಲ. ಗಾಳಕ್ಕೆ ಸಿಕ್ಕಿಸಿದ ಮರಿಮೀನನ್ನು ಅದರ ಮೂಗಿನ ಮುಂದೆಯೇ, ಅಂಬೆಗಾಲಿಡುವ ಕೂಸಿನ ವೇಗದಲ್ಲಿ ಸಾಗಿಸಬೇಕು. ದಾರ ನೆಟ್ಟಗೆ ಇಳಿದಿರಬೇಕು. ಹದಿನೈದು ವರ್ಷಗಳಿಂದ ಮಿಸಿಸಿಪಿಯ ಈ ಕೆರೆಗೆ ಬಂದ ಗಿರಾಕಿಗಳಿಗೆಲ್ಲ ವೆಂಡಲ್ ಹೇಳಿಕೊಟ್ಟ ಪಾಠ ಅದು. ಇವತ್ತು ಅವನ ಕಾಲೇ ಅವನ ಮಾತು ಕೇಳುತ್ತಿರಲಿಲ್ಲ.

ದಡದಲ್ಲಿ ಕೈಕುಲುಕುವಾಗ ಮುದುಕ ಪೂರ್ತಿ ಹೆಸರು ಹೇಳಿದ್ದ: ಹೋಬರ್ಟ್ ಸ್ಟೋವಾಲ್. ಇಪ್ಪತ್ತೊಂದು ವರ್ಷಗಳ ಹಿಂದೆ ವೆಂಡಲ್ ಆ ಹೆಸರನ್ನು ಕೋರ್ಟಿನಲ್ಲಿ ಕೇಳಿದ್ದ. ಹತ್ತಿಗಿರಣಿಗೆ ಬೆಂಕಿ ಬಿದ್ದು ಕಾವಲುಗಾರ ಸತ್ತಿದ್ದ. ಬೆಂಕಿ ಇಟ್ಟವನು ವೆಂಡಲ್‌ನ ಅಣ್ಣ ರಾಯ್ಸ್ ಎಂದು ಆಪಾದನೆ. ತೀರ್ಪು ಕೊಡಲು ಜನಸಾಮಾನ್ಯರಿಂದ ಆರಿಸಿದ ಜ್ಯೂರಿಯ ಹನ್ನೆರಡು ಜನರೂ ಒಪ್ಪಲೇಬೇಕಿತ್ತು; ಅವರ ಹೆಸರನ್ನು ಒಂದೊಂದಾಗಿ ಕೂಗಿ ಅಭಿಪ್ರಾಯ ಕೇಳಿದ್ದರು. ಹನ್ನೆರಡನೆಯವನು, ಇದೇ ಸ್ಟೋವಾಲ್, ನೆಲ ನೋಡುತ್ತ "ಅಪರಾಧಿ" ಎಂದಿದ್ದ. ರಾಯ್ಸ್ ಹದಿನೇಳು ವರ್ಷ ಜೈಲಿನಲ್ಲಿದ್ದು ಬಂದ.

ವೆಂಡಲ್ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಂಡು, ಕುಡಿಯದೆ ನೀರಿಗೆ ಚೆಲ್ಲಿದ.

"ನೀವು ಮೀನಿಗೆ ಬಂದಿಲ್ಲ, ಹೋಬರ್ಟ್ ಅವ್ರೆ."

ಮುದುಕ ಗಾಳಗೋಲುಗಳ ತುದಿಯಿಂದ ಕಣ್ಣು ತೆಗೆಯಲಿಲ್ಲ. "ಇಲ್ಲ. ಮೀನು ನಮ್ಮೂರಲ್ಲೂ ಇದೆ. ಹೆಸರು ಹೇಳ್ದಾಗ ನಿನ್ನ ಮುಖ ನೋಡ್ದೆ. ಬೈತೀಯ ಅಂದ್ಕೊಂಡೆ. ನೀನು ದೋಣಿ ಹತ್ತಿಸ್ಕೊಂಡೆ."

"ಮತ್ತೆ ಯಾಕ್ ಬಂದ್ರಿ?"

"ಎರಡು ದಿನ ನಾನೊಬ್ನೇ ಒಪ್ಪಿರ್ಲಿಲ್ಲ ಕಣಪ್ಪ. ನಿಮ್ಮಣ್ಣನ್ನ ನೋಡ್ದೆ ಅಂದೋನು ಅಷ್ಟು ದೂರದಿಂದ, ಆ ಕತ್ತಲಲ್ಲಿ, ಹೇಗೆ ನೋಡ್ದ? ಅದನ್ನೇ ಕೇಳ್ತಿದ್ದೆ. ಮೂರನೇ ದಿನ ಶುಕ್ರವಾರ. ಎಲ್ರಿಗೂ ಮನೆಗೆ ಹೋಗೋ ಆತುರ. ನಂಗೂ ಮನೇಲಿ ಹಸು ಈಯೋದಿತ್ತು." ಅವನು ಟೋಪಿಯ ಅಂಚು ಕೆಳಗೆಳೆದ. "ಹೂಂ ಅಂದ್ಬಿಟ್ಟೆ."

ವೆಂಡಲ್‌ನ ಕಾಲು ಪೆಡಲನ್ನು ಒತ್ತಿಯೇ ಬಿಟ್ಟಿತು. ದೋಣಿ ಮುನ್ನುಗ್ಗಿತು, ಎಂಟೂ ದಾರಗಳು ಮೇಲೆದ್ದು ಒಂದಕ್ಕೊಂದು ತೊಡಕಿಕೊಂಡವು. ಮುದುಕ ಆಸನದ ಅಂಚು ಹಿಡಿದುಕೊಂಡ, ತಡಿ ಎನ್ನಲಿಲ್ಲ. ಸತ್ತ ಮರಗಳ ಬೊಡ್ಡೆಗಳು ಹತ್ತಿರವಾದಾಗ ವೆಂಡಲ್ ತಾನೇ ನಿಲ್ಲಿಸಿದ.

"ಹಸು!" ಎಂದು ಕೂಗಿದ. "ಹದಿನೇಳು ವರ್ಷ! ಅವನು ಮನೆಗೆ ಬರೋದನ್ನ ನೋಡದೇನೇ ನಮ್ಮಮ್ಮ ಸತ್ಲು. ಒಂದು ಹಸುಗೋಸ್ಕರ!"

"ಹೌದು."

"ಬರೀ ಹೌದು ಅಂತೀರಲ್ಲ!"

"ಬೇರೆ ಏನ್ ಹೇಳ್ಲಿ? ಅವನೆದುರು ನಿಂತು ಇದನ್ನೇ ಹೇಳ್ಬೇಕು. ಎರಡು ಸಲ ಅವನ ಮನೆ ಗೇಟಿನವರೆಗೂ ಹೋಗಿ ವಾಪಸ್ ಬಂದೆ. ನೀನು ಕರ್ಕೊಂಡು ಹೋಗ್ತೀಯ?"

ವೆಂಡಲ್ ತೊಡಕಿದ ದಾರಗಳನ್ನು ಬಿಡಿಸಲು ಕುಳಿತ. ಚಳಿಗೆ ಬೆರಳುಗಳು ಮರಗಟ್ಟಿದ್ದವು. ಒಂದು ಗಂಟು ಬಿಚ್ಚಿದರೆ ಎರಡಾಗುತ್ತಿದ್ದವು. ಮುದುಕ ಕೇಳದೆಯೇ ಇನ್ನೊಂದು ತುದಿ ಹಿಡಿದ. ಬಹಳ ಹೊತ್ತು ಇಬ್ಬರೂ ಬಗ್ಗಿ ಕುಳಿತಿದ್ದರು.

ವೆಂಡಲ್‌ಗೆ ತಾಯಿಯ ಅಡುಗೆಮನೆ ನೆನಪಾಯಿತು. ತೀರ್ಪಿನ ಮಾರನೆಯ ದಿನ ಅವಳು "ನನ್ನ ಮಗ ಅಂಥೋನಲ್ಲ" ಎಂದು ಅಳುತ್ತಿದ್ದಾಗ ಅವನು ಹೇಳಿದ್ದ: "ಹನ್ನೆರಡು ಜನಕ್ಕೂ ಒಟ್ಟಿಗೇ ತಪ್ಪಾಗುತ್ತಾ ಅಮ್ಮ?" ಹದಿನೇಳು ವರ್ಷದಲ್ಲಿ ಜೈಲಿಗೆ ಮೂರೇ ಸಲ ಹೋಗಿದ್ದ. ಬಿಡುಗಡೆಯಾದ ಅಣ್ಣನನ್ನು ತನ್ನ ಹಿತ್ತಲಿಗೆ ಅಂಟಿದ ಜಾಗದಲ್ಲೇ ಇರಿಸಿಕೊಂಡಿದ್ದ. ಆದರೆ "ನೀನು ಮಾಡಿಲ್ಲ, ನಂಗೊತ್ತು" ಎಂದು ಒಮ್ಮೆಯೂ ಹೇಳಿರಲಿಲ್ಲ. ರಾಯ್ಸ್ ಕೇಳಿಯೂ ಇರಲಿಲ್ಲ.

ಬಿಡಿಸಿದ ದಾರ ನೀರಿಗಿಳಿದು ಎರಡು ನಿಮಿಷವಾಗಿರಲಿಲ್ಲ, ಒಂದು ಗೋಲು ಬಾಗಿತು. ಮುದುಕ ಮೆಲ್ಲನೆ ಎತ್ತಿದ. ಕ್ರಾಪಿಯ ತುಟಿ ಕಾಗದದಷ್ಟು ತೆಳು, ಜಗ್ಗಿದರೆ ಹರಿಯುತ್ತದೆ. ವೆಂಡಲ್ ಕೈಬಲೆ ಚಾಚಿದ. ಬಲೆಯ ಅಂಚು ತಾಗಿ, ಅಂಗೈಗಿಂತ ಅಗಲದ ಮೀನು ಕಳಚಿಕೊಂಡು ಆಳಕ್ಕಿಳಿಯಿತು.

"ಹೋಗ್ಲಿ ಬಿಡು" ಎಂದ ಮುದುಕ.

ವೆಂಡಲ್ ಗೋಲುಗಳನ್ನು ಒಂದೊಂದಾಗಿ ಮಡಚತೊಡಗಿದ. "ನಿಮ್ಮ ಗಾಡಿ ನನ್ನ ಹಿಂದೇನೇ ಬರ್ಲಿ. ಗೇಟಿನ ಹತ್ರ ತಿರುಗಿಸ್ಕೊಂಡು ಹೋದ್ರೆ ನಾನು ಬಿಡಲ್ಲ."

ಮಧ್ಯಾಹ್ನ ಅವರು ಹೋದಾಗ ರಾಯ್ಸ್ ಮನೆಯ ಮುಂದೆ, ಹುಲ್ಲು ಕತ್ತರಿಸುವ ಯಂತ್ರದ ಅಲಗನ್ನು ಸಾಣೆಗೆ ಹಿಡಿದಿದ್ದ. ಕಿಡಿಗಳ ನಡುವಿನಿಂದಲೇ ಅಪರಿಚಿತ ಮುದುಕನನ್ನು ನೋಡಿದ.

"ಯಾರೋ ಇವ್ರು? ಮೀನು ಸಿಗ್ಲಿಲ್ಲ ಅಂತ ಜಗಳಕ್ಕೆ ಬಂದ್ರಾ?"

ಹೋಬರ್ಟ್ ಟೋಪಿ ತೆಗೆದು ಬಾಯಿ ತೆರೆದ. ವೆಂಡಲ್ ಅವನ ತೋಳು ಹಿಡಿದು ತಡೆದ.

"ಇವ್ರು ನಿನ್ ಹತ್ರ ಮಾತಾಡ್ಬೇಕಂತೆ, ಅಣ್ಣ. ಅದಕ್ಕೆ ಮೊದ್ಲು ನಾನೊಂದು ಮಾತು ಹೇಳ್ಬೇಕು."

ರಾಯ್ಸ್ ತಮ್ಮನ ಮುಖವನ್ನೇ ನೋಡಿದ. ಬಗ್ಗಿ ಗುಂಡಿ ಒತ್ತಿದ. ಮೋಟಾರಿನ ಸದ್ದು ನಿಂತರೂ ಸಾಣೆಕಲ್ಲು ತನ್ನಷ್ಟಕ್ಕೆ ತಿರುಗುತ್ತಲೇ ಇತ್ತು. ಮೂವರೂ ಅದು ನಿಲ್ಲಲೆಂದು ಕಾದು ನಿಂತರು.