ಮೂರೂ ಕಳಿಸಿ

ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಸದ್ದು ಮಾಡುತ್ತಿದ್ದವನು ಎರಡೂವರೆ ವರ್ಷದ ಹುಡುಗ. ಚಮಚದಿಂದ ತಟ್ಟೆ ಬಡಿಯುವುದು, ಬಾಗಿಲ ಚಿಲಕ ಅಲ್ಲಾಡಿಸುವುದು, ಖಾಲಿ ಡಬ್ಬಿಯೊಳಗೆ ಬಾಯಿಟ್ಟು ಕೂಗಿ ತನ್ನ ಕೂಗನ್ನು ತಾನೇ ಕೇಳಿ ನಗುವುದು, ಇವೇ ಅವನ ಉದ್ಯೋಗ. ಇಟ್ಟ ಹೆಸರು ಏನೇ ಇರಲಿ, ಮನೆಮಂದಿಗೆಲ್ಲ ಅವನು ಗಿಲಕಿ. ಅವನ ತಾತನಿಗೆ ಬೀದಿಯ ತಿರುವಿನಲ್ಲಿ ಬೀಗ ರಿಪೇರಿಯ ಪುಟ್ಟ ಅಂಗಡಿಯಿತ್ತು. ಸಂಜೆ ಅಂಗಡಿ ಮುಚ್ಚಿ ಬಂದು, ಹೊಸ್ತಿಲ ಹೊರಗೆ ನಿಂತು ಬೀಗದಕೈ ಗೊಂಚಲನ್ನು ಒಮ್ಮೆ ಝಲ್ಲೆನ್ನಿಸಿದರೆ ಸಾಕು, ಗಿಲಕಿ ಎಲ್ಲಿದ್ದರೂ ಓಡಿಬರುತ್ತಿದ್ದ. ಒಂದು ಸಲವಂತೂ ಸ್ನಾನದ ಮಧ್ಯೆ ಅಜ್ಜಿಯ ಕೈ ತಪ್ಪಿಸಿಕೊಂಡು ಮೈತುಂಬ ಸೋಪಿನ ನೊರೆ ಹೊತ್ತು ಬಂದಿದ್ದ.

"ನಿಮ್ಮ ಮೊಮ್ಮಗ ನಿಮ್ಮನ್ನ ನೋಡೋಕೆ ಬರಲ್ಲ ಮಾವ, ಬೀಗದಕೈ ನೋಡೋಕೆ ಬರ್ತಾನೆ," ಎಂದು ಸೊಸೆ ಛೇಡಿಸುತ್ತಿದ್ದಳು.

"ಎರಡೂ ಒಂದೇ ಕಣಮ್ಮ. ನನ್ನ ಹತ್ರ ಬೇರೆ ಏನಿದೆ ಆಸ್ತಿ?"

ಸೊಸೆ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗಂಡ ದೂರದೂರುಗಳಿಗೆ ಬಸ್ಸು ಓಡಿಸುವವನು, ಮನೆಗೆ ನೆಂಟನಂತೆ ಬಂದುಹೋಗುತ್ತಿದ್ದ. ಹಾಗಾಗಿ ಮನೆಯಲ್ಲಿ ಮಾವನದೇ ಮಾತು. ಒಳ್ಳೆಯ ಮನುಷ್ಯ, ಆದರೆ ಹಿಡಿದದ್ದನ್ನು ಬಿಡುವವರಲ್ಲ. ಎದುರು ಮಾತಾಡಿ ರೂಢಿಯಿಲ್ಲದ ಸೊಸೆ ಹೂಂಗುಟ್ಟಿಕೊಂಡೇ ಸಂಸಾರ ಸಾಗಿಸಿದ್ದಳು. ಹೂಂಗುಟ್ಟುವುದರಿಂದ ಏನೂ ನಷ್ಟವಾಗಿರಲಿಲ್ಲ, ಅಲ್ಲಿಯವರೆಗೆ.

ಒಂದು ಸಾಧಾರಣ ನೆಗಡಿ ಎದೆಗಿಳಿಯಿತು. ಹುಡುಗನ ಪಕ್ಕೆಲುಬುಗಳು ಉಸಿರಿಗೊಮ್ಮೆ ಒಳಕ್ಕೆ ಸೆಳೆದುಕೊಳ್ಳತೊಡಗಿದವು, ತುಟಿ ನೀಲಿಗಟ್ಟಿತು. ಆಸ್ಪತ್ರೆಗೆ ಓಡಿದರು. ಅಲ್ಲಿ ಮಕ್ಕಳ ಐಸಿಯುವಿನಲ್ಲಿ ಅವನ ಬಾಯಿಯಿಂದ ಗಂಟಲೊಳಗೆ ನಳಿಕೆ ಇಳಿಸಿ, ಉಸಿರಾಡಿಸುವ ಯಂತ್ರಕ್ಕೆ ಸೇರಿಸಿದರು. ಆ ಯಂತ್ರ ಇಲ್ಲದಿದ್ದರೆ ಅವನು ಉಳಿಯುತ್ತಿರಲಿಲ್ಲ, ಈ ಮಾತನ್ನು ಮೊದಲೇ ಹೇಳಿಬಿಡಬೇಕು. ಅಲ್ಲಿದ್ದವರಲ್ಲಿ ಯಾರೂ ಕೆಟ್ಟವರಲ್ಲ. ಕೆಟ್ಟದ್ದು ಅಲ್ಲಿನ ಒಂದು ರೂಢಿ.

ಆ ರೂಢಿಗೆ ವಾರ್ಡಿನಲ್ಲಿ "ಮೂರೂ" ಎಂದು ಹೆಸರು. ಯಾವ ಮಗುವಿಗೆ ಮೈ ಬಿಸಿಯಾದರೂ ರಕ್ತ, ಮೂತ್ರ, ನಳಿಕೆಯೊಳಗಿನ ಕಫ ಮೂರನ್ನೂ ತೆಗೆದು, ಕ್ರಿಮಿ ಇದೆಯೇ ಎಂದು ನೋಡಲು ಲ್ಯಾಬಿಗೆ ಕಳಿಸುವುದು. ಮಗುವನ್ನು ಮುಟ್ಟಿ ನೋಡಿ, ಬಿಸಿ ಯಾಕೆ ಬಂತೆಂದು ಯೋಚಿಸಿ ಕಳಿಸುತ್ತಿದ್ದರೇ? ಅದಕ್ಕೆ ಬಿಡುವಿರಲಿಲ್ಲ. ನರ್ಸು ಜ್ವರ ಎಂದು ಫೋನಿನಲ್ಲಿ ಹೇಳಿದರೆ, ಆ ಕಡೆಯಿಂದ "ಮೂರೂ ಕಳಿಸಿ" ಎಂಬ ಉತ್ತರ ತಾನಾಗಿ ಬರುತ್ತಿತ್ತು. ಇದನ್ನು ಶುರುಮಾಡಿದವರು ದೊಡ್ಡ ಡಾಕ್ಟರು. ಹಿಂದೆ ಯಾವಾಗಲೋ ಒಂದು ಮಗುವಿನ ಸೋಂಕು ಅವರ ಕಣ್ಣು ತಪ್ಪಿಸಿತ್ತು, ಆ ಮಗು ಉಳಿಯಲಿಲ್ಲ. ಅವತ್ತು ಹೊಕ್ಕ ಹೆದರಿಕೆ ವಾರ್ಡಿನ ಕಟ್ಟಳೆಯಾಗಿ ಕೂತುಬಿಟ್ಟಿತು.

ದಿನ ಕಳೆದಂತೆ ಗಿಲಕಿ ಚೇತರಿಸಿಕೊಂಡ. ಅವನನ್ನು ನೋಡಿಕೊಳ್ಳುತ್ತಿದ್ದ ಕಿರಿಯ ಡಾಕ್ಟರಮ್ಮ ನಗುತ್ತಾ ಬಂದು, "ನಾಳೆ ಪೈಪ್ ತೆಗೆದುಬಿಡೋಣ ಅಮ್ಮ. ಇನ್ನು ನಿಮ್ಮ ಮಗನೇ ಉಸಿರಾಡಲಿ," ಎಂದರು. ಸೊಸೆಯ ಕಣ್ಣು ತುಂಬಿಬಂತು. ಅಂದು ಮಧ್ಯಾಹ್ನ ಅತ್ತೆ ಮನೆಯಿಂದ ದಪ್ಪನೆಯ ಉಣ್ಣೆಯ ಹೊದಿಕೆ ಕೊಟ್ಟು ಕಳಿಸಿದ್ದರು. ಆ ಕೋಣೆಯ ಚಳಿಗೆ ಮಗು ನಡುಗುತ್ತದೆಂದು ಅವರಿಗೆ ಚಿಂತೆ. ಸೊಸೆ ಅದನ್ನು ಕತ್ತಿನವರೆಗೂ ಹೊದಿಸಿ ಸುತ್ತಲೂ ಸಿಕ್ಕಿಸಿದಳು.

ಸ್ವಲ್ಪ ಹೊತ್ತಿಗೆ ನರ್ಸು ಜ್ವರ ನೋಡಿ ಹುಬ್ಬೇರಿಸಿದಳು.

ಕಿರಿಯ ಡಾಕ್ಟರಮ್ಮ ಬಂದು ಹೊದಿಕೆ ಸರಿಸಿದರು. ಪಾದ ಮುಟ್ಟಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. "ಬೇಯಿಸಿಬಿಟ್ಟಿದ್ದೀರಲ್ಲಮ್ಮ ಹುಡುಗನ್ನ! ಉಸಿರು ಚೆನ್ನಾಗಿದೆ, ಕಫ ನಿನ್ನೆ ಹೇಗಿತ್ತೋ ಇವತ್ತೂ ಹಾಗೇ ಇದೆ. ಹೊದಿಕೆ ತೆಗೆದು ಸ್ವಲ್ಪ ಕಾಯೋಣ."

ಅಷ್ಟರಲ್ಲಿ ಮಾವ ಒಳಬಂದಿದ್ದರು. ಜ್ವರ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, "ಕಾಯೋದಾ? ಜ್ವರ ಬಂದಿರೋ ಮಗುನ ಮುಂದಿಟ್ಕೊಂಡು ಕಾಯೋದಾ?" ಎಂದು ರೇಗಿದರು. "ನನ್ನ ಅಂಗಡಿಗೆ ಕೆಟ್ಟ ಬೀಗ ಬಂದ್ರೆ ನಾನು ಪೂರ್ತಿ ಬಿಚ್ಚಿ ನೋಡ್ತೀನಿ. ಏನೇನು ಟೆಸ್ಟ್ ಇದೆಯೋ ಎಲ್ಲಾ ಮಾಡಿ."

"ತಾತ, ಬಿಚ್ಚಿದ್ರೆ ಬೀಗಕ್ಕೆ ನೋವಾಗಲ್ಲ, ರಕ್ತ ಕಮ್ಮಿಯಾಗಲ್ಲ. ಇನ್ನೂ ಒಂದು ವಿಷಯ ಇದೆ. ನೀರಿನ ಪೈಪಿನ ಒಳಗೆ ಪಾಚಿ ಕಟ್ಟುತ್ತಲ್ಲ, ಹಾಗೆ ಈ ಪೈಪಿನಲ್ಲೂ ಕ್ರಿಮಿ ಮನೆ ಮಾಡಿರ್ತವೆ. ಹುಡುಕಿದ್ರೆ ಸಿಗ್ತವೆ. ಇರೋದು ಬೇರೆ, ಕಾಯಿಲೆ ಮಾಡೋದು ಬೇರೆ. ಮಗು ಸಪ್ಪಗಾದ್ರೆ, ಉಸಿರು ಕೆಟ್ರೆ, ಆಗ ಒಂದು ಕ್ಷಣ ತಡ ಮಾಡದೆ ನಾನೇ ಕಳಿಸ್ತೀನಿ. ಈಗ ಬೇಡ."

"ಸಿಗ್ತವೆ ಅಂತ ನೀವೇ ಹೇಳ್ತೀರಿ, ಹುಡುಕಬೇಡಿ ಅಂತಾನೂ ನೀವೇ ಹೇಳ್ತೀರಿ. ಚೆನ್ನಾಗಿದೆ ನ್ಯಾಯ!"

ಗಲಾಟೆ ಕೇಳಿ ದೊಡ್ಡ ಡಾಕ್ಟರು ಬಾಗಿಲ ಬಳಿ ಬಂದು ನಿಂತರು. ಹಾಸಿಗೆಯ ತನಕ ಬರಲಿಲ್ಲ. "ಯಾಕಮ್ಮ ವಾದ? ನೋಡಿದ್ರೆ ಏನು ಕಳ್ಕೋತೀವಿ? ಮೂರೂ ಕಳಿಸಿ."

ಕಿರಿಯ ಡಾಕ್ಟರಮ್ಮ ಕೊನೆಯದಾಗಿ ತಾಯಿಯ ಕಡೆ ತಿರುಗಿದರು. "ನೀವೇನಂತೀರಮ್ಮ?"

ಹೊದಿಕೆ ಅವಳ ಕೈಯಲ್ಲೇ ಇತ್ತು, ಇನ್ನೂ ಬೆಚ್ಚಗಿತ್ತು. ಮಗುವಿನ ಹಣೆ ಆಗಲೇ ತಣ್ಣಗಾಗುತ್ತಿರುವುದು ಅವಳ ಅಂಗೈಗೆ ತಿಳಿದಿತ್ತು. ಅವಳು ಮಾವನ ಮುಖ ನೋಡಿದಳು. "ದೊಡ್ಡೋರು ಹೇಳಿದ ಹಾಗೆ," ಎಂದುಬಿಟ್ಟಳು.

ರಕ್ತದಲ್ಲಿ ಏನೂ ಇರಲಿಲ್ಲ, ಮೂತ್ರದಲ್ಲೂ ಇರಲಿಲ್ಲ. ಕಫದಲ್ಲಿ ಕ್ರಿಮಿ ಬೆಳೆಯಿತು. ಪಾಚಿಯಿದ್ದ ಕಡೆ ಪಾಚಿ ಸಿಕ್ಕಿತು. ಆದರೆ ಸಿಕ್ಕಿದ ಮೇಲೆ ಅದನ್ನು ಬಿಡುವ ಧೈರ್ಯ ಯಾರಿಗಿದೆ? ಅಷ್ಟು ಹೊತ್ತಿಗೆ ಮಗು ಜ್ವರವಿಲ್ಲದೆ ಆರಾಮಾಗಿ ಮಲಗಿತ್ತು, ನಳಿಕೆ ತೆಗೆಯುವ ದಿನವೂ ಬಂದಿತ್ತು. ಆ ದಿನವನ್ನು ಮುಂದಕ್ಕೆ ಹಾಕಿ, ಬಲವಾದ ಔಷಧಿಯನ್ನು ನರಕ್ಕೆ ಏರಿಸತೊಡಗಿದರು.

"ಸಾರ್, ಇದು ಮೂತ್ರಪಿಂಡಕ್ಕೆ, ಕಿವಿಗೆ ಕೆಟ್ಟದ್ದು," ಎಂದು ಕಿರಿಯ ಡಾಕ್ಟರಮ್ಮ ಹೇಳಿದ್ದು ಸೊಸೆಗೂ ಕೇಳಿಸಿತು.

"ಮೊದಲು ಜೀವ ಉಳೀಲಿ," ಎಂದರು ದೊಡ್ಡ ಡಾಕ್ಟರು.

"ಅದೇ ಸರಿ," ಎಂದರು ಮಾವ. ಅವರ ಮುಖದಲ್ಲಿ ಗೆದ್ದ ಕಳೆಯಿತ್ತು. "ನೋಡಿದ್ಯಾ? ನಾನು ಹಠ ಮಾಡದೆ ಇದ್ದಿದ್ರೆ ಆ ಕ್ರಿಮಿ ಒಳಗೇ ಕೂತಿರ್ತಿತ್ತು."

ಏನೋ ಸರಿಯಿಲ್ಲವೆಂದು ಸೊಸೆಗೆ ಅನ್ನಿಸುತ್ತಿತ್ತು. ಔಷಧಿಯ ಮಟ್ಟ ನೋಡಲು ರಕ್ತ, ಮೂತ್ರಪಿಂಡ ನೋಡಲು ರಕ್ತ, ಕ್ರಿಮಿ ಹೋಯಿತೇ ಎಂದು ಮತ್ತೆ ರಕ್ತ. ಗೇಣುದ್ದದ ತೋಳಿನಲ್ಲಿ ಸೂಜಿಗೆ ಜಾಗವಿಲ್ಲದೆ ಪಾದ ಹುಡುಕಿದರು. ಮಗು ಸುಣ್ಣದ ಗೋಡೆಯಂತೆ ಬಿಳಿಚಿಕೊಂಡಿತು. ಕೊನೆಗೆ, ತೆಗೆದದ್ದನ್ನು ತುಂಬಲು ಬೇರೆ ಯಾರದೋ ರಕ್ತ ಕೊಡಬೇಕಾಯಿತು. ಮುಖ ಊದಿತು, ಮೂತ್ರ ಕಡಿಮೆಯಾಯಿತು. ನಳಿಕೆ ಇದ್ದಲ್ಲೇ ಇತ್ತು. ಬಸ್ಸಿನಿಂದ ನೇರವಾಗಿ ಬಂದ ಗಂಡ ಮಗನನ್ನು ನೋಡಿ, "ಹುಷಾರಾಗ್ತಿದಾನೆ ಅಂದಿದ್ಯಲ್ಲೇ," ಎಂದು ಗೋಡೆ ಹಿಡಿದು ಕುಸಿದ.

ಒಂದು ಬೆಳಿಗ್ಗೆ ಮತ್ತೆ ಜ್ವರ ಬಂತು. ನರ್ಸು ಫೋನೆತ್ತಿದಳು, ಆ ಕಡೆಯಿಂದ ಬರುವ ಉತ್ತರ ಬಂತು. ಟ್ರೇ ಬಂತು. ಸೂಜಿ ಬಿಚ್ಚುವ ಸದ್ದು ಕೇಳಿದ ಕೂಡಲೇ ಸೊಸೆ ಎದ್ದು ಹಾಸಿಗೆಗೆ ಅಡ್ಡ ನಿಂತಳು.

"ಇಲ್ಲ. ಮೊದಲು ಮಗುನ ನೋಡಿ."

"ಏನಮ್ಮ ಇದು?" ಮಾವ ದಂಗಾದರು. "ಸರಿದು ನಿಂತ್ಕೋ ಪಕ್ಕಕ್ಕೆ. ಅವರ ಕೆಲಸ ಅವರು ಮಾಡಲಿ."

"ಸರಿಯೋದಿಲ್ಲ ಮಾವ. ಅವತ್ತೂ ನಾನು ಸರಿದು ನಿಂತೆ."

ಮದುವೆಯಾಗಿ ಬಂದ ಮೇಲೆ ಅವಳು ಅವರಿಗೆ ಇಲ್ಲವೆಂದದ್ದು ಅದೇ ಮೊದಲು. ದೊಡ್ಡ ಡಾಕ್ಟರು ಬಂದರು, ಮುಖ ಸಿಂಡರಿಸಿಕೊಂಡೇ ಬಂದರು. "ನೀವು ಡಾಕ್ಟರಾ?"

"ಅಲ್ಲ ಸಾರ್. ನೀವು ಡಾಕ್ಟರು. ಅದಕ್ಕೇ ನಿಮ್ಮನ್ನ ಕೇಳ್ತಿದೀನಿ, ಹತ್ರ ಬಂದು ನೋಡಿ. ಬೇಕು ಅಂದ್ರೆ ಆಮೇಲೆ ಎಷ್ಟು ಬೇಕಾದ್ರೂ ತೆಗೀರಿ."

ಕಿರಿಯ ಡಾಕ್ಟರಮ್ಮ ಆಗಲೇ ಮಗುವಿನ ಮೈಯೆಲ್ಲ ಸವರಿ ನೋಡುತ್ತಿದ್ದರು. ಪಾದಕ್ಕೆ ಸುತ್ತಿದ್ದ ಪಟ್ಟಿ ಬಿಚ್ಚಿದರು. ಔಷಧಿ ಏರಿಸಲೆಂದು ಅಲ್ಲೇ ಬಿಟ್ಟಿದ್ದ ಸೂಜಿಯ ಸುತ್ತ ಕೆಂಪಗೆ ಬಾತು, ಮುಟ್ಟಿದರೆ ಸುಡುವಂತಿತ್ತು. "ಜ್ವರದ ಮೂಲ ಇಲ್ಲಿದೆ ಸಾರ್."

ದೊಡ್ಡ ಡಾಕ್ಟರು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. "ಸೂಜಿ ತೆಗೀರಿ. ಸಂಜೆವರೆಗೆ ನೋಡೋಣ," ಎಂದು ಹೊರಟುಹೋದರು.

ಸಂಜೆಗೆ ಜ್ವರ ಇಳಿಯಿತು. ಅದರ ಬೆನ್ನಿಗೇ ಆ ಔಷಧಿಯನ್ನೂ ನಿಲ್ಲಿಸಿದರು, ನಳಿಕೆಯನ್ನೂ ತೆಗೆದರು. ಕೆಲವು ದಿನಗಳಲ್ಲಿ ಮೂತ್ರಪಿಂಡ ಸರಿಹೋಯಿತು. ಹುಡುಗ ಮನೆಗೆ ಬಂದ. ಅತ್ತೆ ಬಾಗಿಲಲ್ಲೇ ಅವನನ್ನು ಎತ್ತಿಕೊಂಡು ಅತ್ತರು. ಸೊರಗಿದ್ದಾನೆ, ಸುಸ್ತಾಗಿದ್ದಾನೆ, ಕರೆದರೆ ತಿರುಗುವುದಿಲ್ಲ, ಆಸ್ಪತ್ರೆಯ ಹೆದರಿಕೆ ಇನ್ನೂ ಹೋಗಿಲ್ಲ ಎಂದು ತಮ್ಮತಮ್ಮಲ್ಲೇ ಸಮಾಧಾನ ಹೇಳಿಕೊಂಡರು.

ಮಾವ ಮತ್ತೆ ಅಂಗಡಿಗೆ ಹೋಗತೊಡಗಿದ ಮೊದಲ ಸಂಜೆ. ಸೊಸೆ ಅಡುಗೆಮನೆಯಲ್ಲಿದ್ದಳು. ಹುಡುಗ ಬಾಗಿಲಿಗೆ ಬೆನ್ನು ಹಾಕಿ ನೆಲದ ಮೇಲೆ ಚಮಚಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಬಡಿಯುತ್ತಿರಲಿಲ್ಲ. ಹೊರಗೆ ಬೀಗದಕೈ ಝಲ್ಲೆಂದಿತು. ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಇಣುಕಿದಳು.

ಹುಡುಗ ಇನ್ನೊಂದು ಚಮಚ ಎತ್ತಿಕೊಂಡ.

ಮತ್ತೆ ಝಲ್ಲೆಂದಿತು, ಜೋರಾಗಿ. ಮಾವ ಒಳಗೆ ಬಂದರು, ಮೊಮ್ಮಗನ ಬೆನ್ನ ಹಿಂದೆ ನಿಂತು, ನಗಲು ಪ್ರಯತ್ನಿಸುತ್ತಾ, ಗೊಂಚಲನ್ನು ಅಲ್ಲಾಡಿಸಿದರು. ಅಲ್ಲಾಡಿಸುತ್ತಲೇ ಇದ್ದರು. ಸೊಸೆ ಹೋಗಿ ಅವರ ಕೈ ಹಿಡಿದು ನಿಲ್ಲಿಸಬೇಕಾಯಿತು.

"ನಾನೇ ಕಣಮ್ಮ," ಎಂದರು ಮಾವ. "ನಾನೇ ಕೇಳಿ ಕೇಳಿ ಮಾಡಿಸಿದೆ." ಅವಳು ಅವರನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಆ ಹೊದಿಕೆ ಹೊದಿಸಿದವಳು, ಆಮೇಲೆ ಹೂಂ ಎಂದವಳು ತಾನೇ ಅಲ್ಲವೇ?

ಕಿವಿಯ ಪರೀಕ್ಷೆ ಮಾಡಿಸಿದರು. ಆ ಪರೀಕ್ಷೆ ನಿಜವಾಗಿಯೂ ಬೇಕಾದದ್ದಾಗಿತ್ತು. ಒಳಕಿವಿ ಸತ್ತಿದೆ, ಆ ಔಷಧಿಯಿಂದಲೇ, ಇನ್ನು ಹಿಂದಿನಂತಾಗುವುದಿಲ್ಲ ಎಂದರು.

ಅಲ್ಲಿಂದ ಸೊಸೆ, ಮಾವ ಇಬ್ಬರೂ ಹುಡುಗನನ್ನು ಕರೆದುಕೊಂಡು ದೊಡ್ಡ ಡಾಕ್ಟರ ಕೋಣೆಗೆ ಹೋದರು. ಕಿರಿಯ ಡಾಕ್ಟರಮ್ಮನೂ ಅಲ್ಲಿದ್ದರು. ಹುಡುಗ ತಾತನ ಕೈಯಿಂದ ಬೀಗದಕೈ ಗೊಂಚಲು ಕಿತ್ತುಕೊಂಡು ಮೇಜಿನ ಪಕ್ಕ ನೆಲದ ಮೇಲೆ ಕೂತ.

"ಜಗಳಕ್ಕೆ ಬಂದಿಲ್ಲ ಸಾರ್," ಎಂದಳು ಸೊಸೆ. "ನೋಡಿದ್ರೆ ಏನು ಕಳ್ಕೋತೀವಿ ಅಂದಿದ್ರಲ್ಲ, ಅವತ್ತು. ಏನು ಕಳ್ಕೊಂಡ್ವಿ ಅಂತ ತೋರಿಸೋಕೆ ಬಂದೆ."

ದೊಡ್ಡ ಡಾಕ್ಟರು ಹುಡುಗನನ್ನೇ ನೋಡುತ್ತಿದ್ದರು. ಏನೋ ಹೇಳಲು ಬಾಯಿ ತೆರೆದರು. ಆಗ ಮೇಜಿನ ಮೇಲಿನ ಫೋನು ಗಣಗಣಿಸಿತು. ಹುಡುಗನಿಗೆ ಕೈಯಳತೆಯ ದೂರದಲ್ಲಿತ್ತು. ಅವನು ಬೀಗದಕೈಗಳನ್ನು ಉಂಗುರದ ಸುತ್ತ ಒಂದೊಂದಾಗಿ ಜರುಗಿಸುತ್ತಿದ್ದ.

ದೊಡ್ಡ ಡಾಕ್ಟರು ಸ್ಪೀಕರ್ ಒತ್ತಿದರು, ನರ್ಸಿನ ದನಿ ಕೋಣೆ ತುಂಬಿತು. "ಸಾರ್, ಮೂಲೆ ಹಾಸಿಗೆ ಪಾಪುಗೆ ಜ್ವರ. ಮೂರೂ ಕಳಿಸಲಾ?"

ಉತ್ತರಕ್ಕೆ ತಡವಾಯಿತು.

"ಬೇಡ," ಎಂದರು ದೊಡ್ಡ ಡಾಕ್ಟರು. "ಏನೂ ತೆಗೀಬೇಡಿ. ನಾನು ಬಂದು ಮಗುನ ನೋಡ್ತೀನಿ."

ಅವರು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಮಗುಚಿ ಕಲ್ಲು ನೆಲದ ಮೇಲೆ ದಢಾರನೆ ಬಿತ್ತು. ಸೊಸೆ ಬೆಚ್ಚಿದಳು, ಮಾವ ಬೆಚ್ಚಿದರು, ಕಿರಿಯ ಡಾಕ್ಟರಮ್ಮ ಕೈಯನ್ನು ಎದೆಗೆ ಒತ್ತಿಕೊಂಡರು. ಗಿಲಕಿ ತಲೆಯೆತ್ತದೆ ಮುಂದಿನ ಬೀಗದಕೈಯನ್ನು ಜರುಗಿಸಿದ.