ಜೊತೆ ಸೆಲ್ಲು

ದುಗ್ಗಪ್ಪ ನಾಲ್ಕನೇ ಸಲ ಒಳಗೆ ಹೋಗಿ ಚಾರ್ಜರಿನ ದೀಪ ನೋಡಿ ಬಂದ. ಇನ್ನೂ ಕೆಂಪಗೇ ಇತ್ತು. ಹುಂಚದ ಬಸ್ಸು ತೀರ್ಥಹಳ್ಳಿ ಮುಟ್ಟುವುದಕ್ಕೆ ಅರ್ಧ ತಾಸು ಉಳಿದಿತ್ತು. ಅದರಲ್ಲಿ ತಂಗಿ ಚೌಡಮ್ಮ ಬರುವವಳಿದ್ದಳು, ಹನ್ನೊಂದು ವರ್ಷದ ಮೇಲೆ.

ನಿನ್ನೆ ಅವಳು ದುಗ್ಗಪ್ಪನ ಸೊಸೆ ಆಶಾಳ ಫೋನಿಗೆ ಮಾಡಿ ಹೇಳಿದ್ದು ಇಷ್ಟೇ: "ಅಣ್ಣನ ಹತ್ರ ಒಂದು ಮಾತಾಡದಿದೆ. ಅವ್ನ ಕಿವಿಗೆ ಮಾತ್ರ. ಕೂಗಿ ಹೇಳಂಥದ್ದಲ್ಲ."

ಕೂಗದಿದ್ದರೆ ದುಗ್ಗಪ್ಪನಿಗೆ ಕೇಳಬೇಕಲ್ಲ! ಮೂವತ್ತೈದು ವರ್ಷ ಸಾಮಿಲ್ಲಿನ ಗರಗಸದ ಪಕ್ಕ ನಿಂತ ಕಿವಿ ಅದು. ಕಿವಿ ತಪಾಸಣೆಯ ಶಿಬಿರದಲ್ಲಿ ಕೊಟ್ಟ ಯಂತ್ರ ಅಂಗಿಯ ಜೇಬಿನಲ್ಲಿರುತ್ತದೆ, ಅಲ್ಲಿಂದ ಕಿವಿಗೊಂದು ವೈರು. ಒಳಗಿನ ಒಂದು ಸೆಲ್ಲಿಗೆ ಜೀವವಿದ್ದರೆ ಲೋಕಕ್ಕೆ ದನಿ.

ಮಗ ಸುನಿಲ್ ತಂದ ಚಾರ್ಜರಿಗೋ ಒಂದು ಹಟ. ಸೆಲ್ಲುಗಳನ್ನು ಜೋಡಿಯಾಗಿ ಹಾಕದಿದ್ದರೆ ಅದರ ದೀಪ ಹತ್ತುವುದಿಲ್ಲ. ಚಾರ್ಜ್ ಆಗುವ ಹಸಿರು ಸೆಲ್ಲು ಮನೆಯಲ್ಲಿದ್ದದ್ದು ಎರಡು. ಒಂದು ಮೊಮ್ಮಗಳ ಆಟದ ಕಾರಿನೊಳಗೆ ಕೂತು ಅಂಗನವಾಡಿಗೆ ಹೋಗಿತ್ತು. ಹೊಸದು ತರೋಣವೆಂದರೆ ಕೇರಿಯ ಅಂಗಡಿಯ ಬೆಳ್ಳಪ್ಪ ಬೀಗ ಹಾಕಿ ಹುಲಿಕಲ್ಲಿಗೆ ಹರಕೆ ಒಪ್ಪಿಸಲು ಹೋಗಿದ್ದ. ತಾನು ಪೇಟೆಗೆ ಹೋದಾಗಲೇ ಚೌಡಮ್ಮ ಬಂದು, ಅಣ್ಣ ಬೇಕೆಂದೇ ತಪ್ಪಿಸಿಕೊಂಡನೆಂದು ತಿರುಗಿ ಹೋದರೆ? ಹೆಂಡತಿ ಯಮುನಮ್ಮನನ್ನು ಕಳಿಸಲು ನೋಡಿದ.

"ಅವ್ಳ ಮಾತು ನಿಮಗೆ ಕೇಳ್ಲಿ ಅಂತ ನಾನು ಸೆಲ್ ತರಕ್ಕೆ ಹೋಗ್ಬೇಕಾ?" ಎಂದು ಕೂಗಿ ಅವಳು ಮತ್ತೆ ಅಕ್ಕಿ ಆರಿಸತೊಡಗಿದಳು.

ಮುಗಿದ ಕೆಂಪು ಸೆಲ್ಲುಗಳನ್ನು ದುಗ್ಗಪ್ಪ ಎಸೆಯುವವನಲ್ಲ, ಉಪ್ಪಿನಕಾಯಿ ಬಾಟಲಿಯಲ್ಲಿ ಕೂಡಿಡುತ್ತಿದ್ದ. ಮಿಲ್ಲಿನ ದಿನಗಳಲ್ಲಿ ಬ್ಯಾಟರಿಯ ಸೆಲ್ಲುಗಳನ್ನು ಹಪ್ಪಳದ ಪಕ್ಕ ಒಣಹಾಕಿದರೆ ಇನ್ನೆರಡು ರಾತ್ರಿ ಬೆಳಕು ಕೊಡುತ್ತಿದ್ದವು. "ಕೆಂಪು ಹಾಕ್ಬೇಡಿ ಮಾವ, ಅದು ಬಿಸಾಕೋ ಸೆಲ್, ಒಡೀತದೆ" ಎಂದು ಆಶಾ ಎಷ್ಟೋ ಸಲ ಹೇಳಿದ್ದಳು. ಬಿಸಿಲಿಗೆ ಬದುಕಿದ್ದು ಕರೆಂಟಿಗೆ ಬದುಕದೆ ಇರುತ್ತದೆಯೆ ಎಂದುಕೊಂಡು ಬೆಳಿಗ್ಗೆ ಹಸಿರಿನ ಜೊತೆಗೆ ಒಂದು ಕೆಂಪನ್ನು ಕೂರಿಸಿದ್ದ. ದೀಪವೇನೋ ಹತ್ತಿತ್ತು.

"ಹೆಣ್ಣು ನೋಡಕ್ಕೆ ಬರ್ತಾರೇನೋ ಅನ್ನಂಗೆ ಒಳಗೆ ಹೊರಗೆ ತಿರುಗ್ತೀರಲ್ಲ! ಕೂತ್ಕಳಿ ಒಂದ್ಕಡೆ!" ಯಮುನಮ್ಮ ಕೂಗಿದಳು.

ಕೂರುವುದಾದರೂ ಹೇಗೆ? ಇದೇ ಮನೆಯಲ್ಲಿ ಅವ್ವ ತೀರಿಕೊಂಡ ದಿನ ಅವಳ ಚಿನ್ನದ ಅವಲಕ್ಕಿ ಸರ ಕಾಣೆಯಾಗಿತ್ತು. "ಕೊನೆಗೆ ಅವ್ವನ ತಲೆ ಹತ್ರ ಕೂತಿದ್ದು ಅತ್ತಿಗೆ" ಎಂದು ಚೌಡಮ್ಮ ಅಂಗಳದಲ್ಲಿ ನಿಂತು ಅಂದಳು, ಅಷ್ಟೇ. ಅಂದಿನಿಂದ ಯಮುನಮ್ಮ ಯಾವ ಮದುವೆಯಲ್ಲೂ ಮದುಮಗಳಿಗೆ ಒಡವೆ ಹಾಕುವ ಕೋಣೆಗೆ ಕಾಲಿಟ್ಟವಳಲ್ಲ. ಎದುರಿನ ನಲ್ಲಿಗೂ ಕೇರಿಯವರೆಲ್ಲ ತುಂಬಿಸಿಕೊಂಡು ಹೋದ ಮೇಲೆಯೇ ಹೋಗುತ್ತಿದ್ದಳು. ದುಗ್ಗಪ್ಪ ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಆದರೆ ಒಮ್ಮೆ ಅವಳು ಹೊಳೆಗೆ ಹೋಗಿದ್ದಾಗ ಟ್ರಂಕು ತೆಗೆದು ನೋಡಿದ್ದ. ತಿರುಗಿ ಇಟ್ಟ ಸೀರೆಗಳ ಮಡಿಕೆ ಅವಳ ಮಡಿಕೆಯಂತಿರಲಿಲ್ಲ. ಅವಳೂ ಒಂದು ಮಾತು ಕೇಳಿರಲಿಲ್ಲ.

ಘಾಟು ಮೂಗಿಗೆ ಬಡಿಯಿತು. ಓಡಿ ಹೋಗಿ ನೋಡಿದರೆ ಕೆಂಪು ಸೆಲ್ಲಿನ ಬುಡದಿಂದ ನೊರೆ ಉಕ್ಕಿತ್ತು. ಸ್ವಿಚ್ಚು ಆರಿಸಿ, ಪಂಚೆಯ ತುದಿಯಲ್ಲಿ ಹಿಡಿದು ಅದನ್ನು ಅಂಗಳಕ್ಕೆ ಎಸೆದ. ಹಸಿರು ಸೆಲ್ಲನ್ನು ಒರೆಸಿ ಯಂತ್ರಕ್ಕೆ ಹಾಕಿದ. ಗೊರ್ ಎಂದಿತು. ಆಮೇಲೆ ಕಾಗೆಯ ಕೂಗು, ನಲ್ಲಿಯ ಹತ್ತಿರದ ಹೆಂಗಸರ ನಗು, ಎಲ್ಲ ಒಟ್ಟಿಗೆ ನುಗ್ಗಿ ಬಂದವು.

ಚೌಡಮ್ಮ ಬಂದಳು. ಸೊರಗಿದ್ದಳು. ಯಮುನಮ್ಮ ನೀರು ತಂದಿಟ್ಟು, ಮುಖ ನೋಡದೆ ಒಳಗೆ ಹೋದಳು. ಚೌಡಮ್ಮ ಜಗಲಿಯಲ್ಲಿ ಅಣ್ಣನ ಹತ್ತಿರಕ್ಕೆ ಸರಿದು ಕೂತು ದನಿ ತಗ್ಗಿಸಿದಳು.

"ಅಣ್ಣ, ಅವ್ವನ ಸರ..."

ಯಂತ್ರ ಕುಯ್ ಎಂದು ನಿಂತುಹೋಯಿತು. ಅವಳ ತುಟಿ ಅಲುಗುತ್ತಲೇ ಇತ್ತು. ಕೇಳದಿದ್ದರೂ, ಎಷ್ಟೋ ವರ್ಷದಿಂದ ಎಲ್ಲರಿಗೂ ಹೂಂ ಎಂದು ಆಡಿಸಿದ ಹಾಗೆ ದುಗ್ಗಪ್ಪನ ತಲೆ ತಾನಾಗಿ ಆಡಿತು. ಅವಳ ಕಣ್ಣು ತುಂಬಿಕೊಂಡವು. ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವನು ಮೆಲ್ಲಗೆ ಕೈ ಬಿಡಿಸಿಕೊಂಡು ಕಿವಿಯಿಂದ ವೈರು ಕಿತ್ತ.

"ಕೇಳ್ಲಿಲ್ಲ ಕಣೆ ಚೌಡಿ. ಸೆಲ್ ಸತ್ತೋತು."

ಅವಳು ನಲ್ಲಿಯ ಕಡೆ ನೋಡಿದಳು. ಅಲ್ಲಿ ಆರೇಳು ಕೊಡಗಳಿದ್ದವು, ಅಷ್ಟೇ ಹೆಂಗಸರು. ಒಂದು ಬೆರಳನ್ನು ತನ್ನ ಕುತ್ತಿಗೆಯ ಸುತ್ತ ಆಡಿಸಿ, ಆಮೇಲೆ ಅದೇ ಬೆರಳಿನಿಂದ ಎದೆ ಮುಟ್ಟಿಕೊಂಡಳು. ಕೈ ಮುಗಿದಳು.

ದುಗ್ಗಪ್ಪನಿಗೆ ತಿಳಿಯಿತು. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಹೆಂಡತಿಯ ಸೀರೆಯ ಅಂಚು ಕಾಣುತ್ತಿತ್ತು.

"ತಿಳೀಲಿಲ್ಲ" ಎಂದ. "ಕೂಗಿ ಹೇಳು."

ಅವಳು ಆಗದೆಂದು ತಲೆಯಾಡಿಸಿದಳು.

"ಕೂಗಿ ಹೇಳು ಚೌಡಿ. ನಂಗೆ ಕಿವಿ ಕೇಳಲ್ಲ."

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಎದ್ದು ನಿಂತು, ಕಣ್ಣು ಮುಚ್ಚಿ ಕೂಗಿದಳು.

"ಸರ ನಾನೇ ತಗಂಡಿದ್ದು! ಅತ್ತಿಗೆ ಅಲ್ಲ! ನಾನು ಅಣ್ಣಾ, ನಾನೇ ತಗಂಡಿದ್ದು!"

ನಲ್ಲಿಯ ಹತ್ತಿರ ಎಲ್ಲರೂ ಇತ್ತ ತಿರುಗಿ ನಿಂತರು. ಸ್ವಲ್ಪ ಹೊತ್ತಿಗೆ ಯಮುನಮ್ಮ ಹೊರಗೆ ಬಂದಳು. ಸೊಂಟದ ಮೇಲೆ ಖಾಲಿ ಕೊಡವಿತ್ತು. ಜಗಲಿ ದಾಟಿ, ಗಂಡನನ್ನೂ ನಾದಿನಿಯನ್ನೂ ದಾಟಿ, ಅಷ್ಟು ಜನರ ನಡುವೆಯೇ ನಡೆದು ಹೋದಳು. ಯಾರೋ ಒಬ್ಬಳು ತನ್ನ ಕೊಡ ಸರಿಸಿದಳು.

ನೀರು ಬೀಳುವ ಸದ್ದು ದುಗ್ಗಪ್ಪನಿಗೆ ಕೇಳಲಿಲ್ಲ. ಕೊಡ ತುಂಬಿ ಹೊರಗೆ ಚೆಲ್ಲುತ್ತಿದ್ದುದು ಕಾಣುತ್ತಿತ್ತು. ಯಾರೂ ನಲ್ಲಿ ನಿಲ್ಲಿಸಲಿಲ್ಲ.